ಕಾರಿಗೆ ವಿಭೂತಿ ಹಚ್ಚಿದ ಅವ್ವಾರು

ಸಾವಿನ ಸುದ್ದಿ ಕೇಳಿ ನಗಬಾರದು, ಅಷ್ಟು ನನಗೂ ಗೊತ್ತು. ಹೋದ ತಿಂಗಳು ಗದಗದಿಂದ ಅವ್ವಾರ ಮಗ ಫೋನ್ ಮಾಡಿ, "ಅವ್ವ ಹೋದ್ಲರಿ, ನಿಮಗ ಹೇಳಬೇಕಂತ ಫೋನ್ ಮಾಡಿದೆ" ಎಂದಾಗ ಕಣ್ಣ ಮುಂದೆ ಬಂದದ್ದು ಏನು ಗೊತ್ತೇ? ನಮ್ಮ ಹಳೇ ಕಾರಿನ ಕೆಳಗಿಂದ ಹೊರಗೆ ಚಾಚಿಕೊಂಡಿದ್ದ ಎರಡು ಕಾಲು, ಮೊಣಕಾಲವರೆಗೂ ಬಿಗಿಯಾಗಿ ಸುತ್ತಿದ ಇಳಕಲ್ ಸೀರೆ, ಸುತ್ತ ನಿಂತ ಇಡೀ ಬೀದಿ. ಕಿಸಕ್ಕನೆ ನಕ್ಕುಬಿಟ್ಟೆ. ಆ ಕಡೆಯಿಂದ, "ಕಾರ್ ನೆನಪಾತೇನ್ರಿ?" ಎಂದರು. ಹೌದಪ್ಪಾ ಎಂದೆ. "ನನಗೂ ಅದs ನೆನಪಾಗಾಕತ್ತೈತ್ರಿ, ಮುಂಜಾನಿಂದ" ಎಂದು ಅವರೂ ನಕ್ಕರು. ನಕ್ಕು ನಕ್ಕು, ಇಬ್ಬರೂ ಅತ್ತು, ಫೋನ್ ಇಟ್ಟೆವು.

ಅವ್ವಾರ ಹೆಸರು ಬರೆಯುವುದಿಲ್ಲ. ಯಾರಾದರೂ ಹೊಗಳಲು ಶುರು ಮಾಡಿದರೆ "ಹೆಸರ ಹಿಡದು ಹೊಗಳಬ್ಯಾಡ್ರಿ, ದೃಷ್ಟಿ ತಾಕತೈತಿ" ಎಂದು ಬಾಯಿ ಮುಚ್ಚಿಸುತ್ತಿದ್ದವರು ಅವರು. ಬಸವೇಶ್ವರನಗರದ ನಮ್ಮ ಬಾಡಿಗೆ ಮನೆಯ ಕೆಳಗಿನ ಭಾಗಕ್ಕೆ, ಮಗನಿಗೆ ಸರ್ಕಾರಿ ಕಚೇರಿಯಲ್ಲಿ ವರ್ಗವಾಗಿ, ಎರಡು ಸಾವಿರದ ಇಸವಿಯ ಆಚೀಚೆ ಬಂದರು. ನಾವು ಮೇಲೆ, ಅವರು ಕೆಳಗೆ. ಮೊದಲ ದಿನ ಬೆಂಗಳೂರಿನ ರೂಢಿಯಂತೆ ನಾನು "ಆಂಟಿ" ಎಂದೆ. "ಆಂಟಿ ಅಂದ್ರ ಬೀದಿಯಾಗಿನ ಹತ್ತು ಮಂದಿ ತಿರುಗಿ ನೋಡ್ತಾರ ತಂಗಿ. ಅವ್ವಾರ ಅನ್ನು, ನಾ ಒಬ್ಬಾಕೀನ ತಿರುಗ್ತೇನಿ" ಎಂದರು. ಅಂದಿನಿಂದ ಇಡೀ ಬೀದಿಗೆ ಅವ್ವಾರು.

ಅವ್ವಾರ ದೊಡ್ಡ ಆಸ್ತಿ ಅವರ ಮೂಗು. ನೋಡಲು ಏನೂ ಇಲ್ಲ. ಪುಟ್ಟದು, ತುದಿ ಸ್ವಲ್ಪ ಮೊಂಡು, ಒಂದು ಹರಳಿನ ಮೂಗುಬೊಟ್ಟು. ಆದರೆ ಅದು ಕೆಲಸಕ್ಕೆ ಇಳಿಯುವುದನ್ನು ನೋಡಬೇಕಿತ್ತು. ಸೆರಗನ್ನು ಕಿವಿಯ ಹಿಂದೆ ಸಿಕ್ಕಿಸುವರು, ಗದ್ದ ಎತ್ತುವರು, ಎಡಗಣ್ಣು ಮುಚ್ಚುವರು. ಎರಡು ಗಿಡ್ಡ ಉಸಿರು, ಒಂದು ಉದ್ದ ಉಸಿರು. ಆಮೇಲೆ ತೀರ್ಪು. ಎದುರು ಮನೆಯಾಕೆ ಒಲೆಯ ಮೇಲೆ ಹಾಲಿಟ್ಟು ಟೀವಿ ಧಾರಾವಾಹಿಯೊಳಗೆ ಮುಳುಗಿದ್ದರೆ, ನಮ್ಮ ಗೇಟಿನಿಂದಲೇ ಕೂಗು ಹೊರಡುತ್ತಿತ್ತು: "ಏ ಯವ್ವಾ, ನಿನ್ನ ಹಾಲು ತಳಾ ಹಿಡ್ಯಾಕತ್ತೈತಿ, ಓಡು!" ಆಕೆ ಓಡುವಳು. ಹಾಲು ಆಗಷ್ಟೇ ತಳ ಹಿಡಿಯಲು ಶುರುವಾಗಿರುತ್ತಿತ್ತು.

ಮಾರೇನಹಳ್ಳಿಯ ಹಿಟ್ಟಿನ ಗಿರಣಿಯವನಿಗಂತೂ ಅವ್ವಾರೆಂದರೆ ನಡುಕ. ಒಮ್ಮೆ ನಾನೂ ಜೊತೆಗಿದ್ದೆ. ಬೀಸಿಕೊಟ್ಟ ಜೋಳದ ಹಿಟ್ಟನ್ನು ಚಿಟಿಕೆ ತೆಗೆದು ಮೂಗಿನ ಹತ್ತಿರ ಹಿಡಿದು, "ಇದರಾಗ ಕೊತ್ತಂಬರಿ ಬೀಜ ಬೀಸಿ ಏನಪಾ?" ಎಂದರು. ಅವನು ಹಣೆ ಹಣೆ ಚಚ್ಚಿಕೊಂಡ. "ಅಮ್ಮಾ, ಅದು ಬೆಳಗ್ಗೆ ಬೀಸಿದ್ದು! ಆಮೇಲೆ ರಾಗಿ ಆಯ್ತು, ಗೋಧಿ ಆಯ್ತು, ಈಗ ಸಾಯಂಕಾಲ ಆಯ್ತಲ್ಲಮ್ಮಾ!" "ಅದಕ್ಕ ಅಂತೇನಿ. ಮುಂಜಾನಿ ವಾಸನಿ ಸಂಜಿತನಕಾ ಉಳದದ, ಕಲ್ಲು ಚೊಲೋ ಐತಿ ನಿಂದು" ಎಂದು ಹೊಗಳಿದರೋ ಬೈದರೋ ತಿಳಿಯದ ಹಾಗೆ ಹೇಳಿ ಡಬ್ಬಿ ಎತ್ತಿಕೊಂಡರು.

ನಮ್ಮನೆಯವರಿಗೆ ಅವರ ಮೇಲೆ ಗೌರವ ಕಡಿಮೆ, ಭಯ ಜಾಸ್ತಿ. ಕಾರಣ ಉಂಟು. ಇವರು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಸಿಗರೇಟು ಬಿಟ್ಟು ಎರಡು ವರ್ಷವಾಯಿತೆಂದು ನನಗೆ ಹೇಳಿದ್ದರು, ನಾನೂ ಪೆದ್ದಿಯ ಹಾಗೆ ನಂಬಿದ್ದೆ. ಒಂದು ಸಂಜೆ ಬಾಯಿ ತುಂಬ ಸೋಂಪು ಜಗಿಯುತ್ತ ಗೇಟು ತೆಗೆದರು. ಅವ್ವಾರು ಮೆಟ್ಟಿಲ ಬುಡದಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದರು. ತಲೆ ಎತ್ತದೆ ಅಂದರು: "ಸಾಹೇಬ್ರ, ಸೋಂಪು ಚೊಲೋ ಐತ್ರಿ. ಆದ್ರ ಅದು ಬಾಯಾಗಷ್ಟ ಇರತೈತಿ. ಮೀಸ್ಯಾಗ ಏನೈತಿ ಅಂತ ನಾ ಹೇಳಂಗಿಲ್ಲ." ನಾನು ಮೆಟ್ಟಿಲ ಮೇಲೇ ನಿಂತಿದ್ದೆ, ಬಕೆಟ್ಟಿನಲ್ಲಿ ಒಗೆದ ಬಟ್ಟೆ. ಆ ರಾತ್ರಿ ನಮ್ಮ ಮನೆಯಲ್ಲಿ ನಡೆದದ್ದು ನಮ್ಮಲ್ಲೇ ಇರಲಿ. ಅಂದಿನಿಂದ ನಮ್ಮನೆಯವರು ಕೆಳಗಿನ ಮನೆ ದಾಟುವಾಗ ಉಸಿರು ಬಿಗಿಹಿಡಿದು ದಾಟುತ್ತಿದ್ದರು, ಅವ್ವಾರ ಮೂಗು ಇವರ ಉಸಿರಿನಲ್ಲೇ ಕೆಲಸ ಮಾಡುತ್ತದೇನೋ ಎಂಬಂತೆ.

ಹಾಗಂತ ಆ ಮೂಗು ತಪ್ಪೇ ಮಾಡುತ್ತಿರಲಿಲ್ಲ ಎಂದಲ್ಲ. ಒಂದು ಮೇ ತಿಂಗಳ ಮಧ್ಯಾಹ್ನ ಅವ್ವಾರು ಅಂಗಳದಲ್ಲಿ ನಿಂತು "ಗ್ಯಾಸ್ ಸೋರಾಕತ್ತೈತ್ರೋ, ಎಲ್ಲಾರೂ ಹೊರಗ ಬರ್ರಿ!" ಎಂದು ಕೂಗಿಬಿಟ್ಟರು. ಅವ್ವಾರ ಮಾತೆಂದರೆ ಮಾತು. ಐದು ಮನೆಯವರು ಬೀದಿಗೆ ಓಡಿ ಬಂದೆವು. ಪಕ್ಕದ ಮನೆಯ ರಾಯರು ಅರ್ಧ ಕೆನ್ನೆಗೆ ಸೋಪಿನ ನೊರೆ, ಸೊಂಟಕ್ಕೆ ಟವೆಲು. ಎಲ್ಲರೂ ರೆಗ್ಯುಲೇಟರ್ ತೆಗೆದದ್ದಾಯಿತು, ಮೇನ್ ಸ್ವಿಚ್ ಆರಿಸಿದ್ದಾಯಿತು. ಅವ್ವಾರು ಮನೆ ಮನೆ ಮೂಸುತ್ತ ಹೋಗಿ, ಕೊನೆಗೆ ನಮ್ಮ ಮನೆಯ ಮಂಚದ ಕೆಳಗಿಂದ ಗೋಣಿಯಲ್ಲಿ ಸುತ್ತಿದ ಏನನ್ನೋ ಎಳೆದು ತಂದರು. ನಮ್ಮನೆಯವರ ಸ್ನೇಹಿತರು ಕೊಟ್ಟಿದ್ದ ಹಲಸಿನಹಣ್ಣು! ಇಟ್ಟು ಮರೆತಿದ್ದೆವು, ಅದು ಹಣ್ಣಾಗಿ ಬಿರಿದಿತ್ತು. "ಇದು ತಿನ್ನೂದೇನ?" ಎಂದು ಅವ್ವಾರು ಹಿಂದೆ ಸರಿದರು. ಅವರ ಬಯಲುಸೀಮೆಯ ಊರಿನಲ್ಲಿ ಅಂಥದ್ದನ್ನು ಕಂಡವರೇ ಅಲ್ಲ. ಮೂಗು ಹಿಡಿದುಕೊಂಡು ಒಂದು ತೊಳೆ ಬಾಯಿಗೆ ಹಾಕಿದರು. ಮೂಗು ಬಿಟ್ಟರು. ಹನ್ನೆರಡು ತೊಳೆ ತಿಂದರು. ಆಮೇಲೆ ತಟ್ಟೆಯಲ್ಲಿ ತೊಳೆ ಇಟ್ಟುಕೊಂಡು ಐದೂ ಮನೆಗೆ ಹೋಗಿ, "ನನ್ನ ಮೂಗು ತಪ್ಪೇತ್ರಿ, ಹೊಟ್ಟ್ಯಾಗ ಹಾಕ್ಕೋರಿ" ಎಂದು ಹೇಳಿ ಬಂದರು. ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಿ ಎಂದರೋ ಹಣ್ಣನ್ನೋ ಎಂದು ರಾಯರು ಬಹಳ ದಿನ ನಗುತ್ತಿದ್ದರು.

ಈಗ ಕಾರಿಗೆ ಬರುತ್ತೇನೆ.

ನಾನು ಕೆಂಗೇರಿಯ ಒಂದು ಶಾಲೆಯಲ್ಲಿ ವಿಜ್ಞಾನದ ಟೀಚರ್. ಬಸವೇಶ್ವರನಗರದಿಂದ ಎರಡು ಬಸ್ಸು, ಒಂದೂವರೆ ಗಂಟೆ, ಮೈಸೂರು ರಸ್ತೆಯ ಹೊಗೆ, ಒಂಟಿ ಕಾಲಲ್ಲಿ ನಿಲ್ಲುವ ತಪಸ್ಸು. ಮೂವತ್ತೆಂಟನೇ ವಯಸ್ಸಿಗೆ ವಿಜಯನಗರದ ಡ್ರೈವಿಂಗ್ ಸ್ಕೂಲಿಗೆ ಸೇರಿ, ಎರಡು ಸಲ ಲೈಸೆನ್ಸ್ ಪರೀಕ್ಷೆಯಲ್ಲಿ ನಪಾಸಾಗಿ, ಮೂರನೆಯ ಸಲ ಪಾಸಾಗಿ, ನನ್ನದೇ ಸಂಬಳದಲ್ಲಿ ನಿವೃತ್ತ ಮೇಷ್ಟರೊಬ್ಬರ ಹಳೆಯ ಬಿಳಿ ಕಾರು ಕೊಂಡಿದ್ದೆ. ಹದಿನಾಲ್ಕು ವರ್ಷದ ಗಾಡಿ. ಗೇರು ಹಾಕಿದರೆ ನರಳುತ್ತಿತ್ತು, ಹಾರನ್ನಿಗೆ ನೆಗಡಿ. ಏನಾದರಾಗಲಿ, ನನ್ನ ಹೆಸರಿನಲ್ಲಿದ್ದ ಒಂದೇ ಒಂದು ವಸ್ತು ಅದು. ಹೋಗುವಾಗ ನಲವತ್ತು ನಿಮಿಷ, ಬರುವಾಗ ನಲವತ್ತು ನಿಮಿಷ, ಆ ಕಾರಿನೊಳಗೆ ನಾನು ಯಾರ ಹೆಂಡತಿಯೂ ಅಲ್ಲ, ಯಾರ ಅಮ್ಮನೂ ಅಲ್ಲ, ಮಿಸ್ ಕೂಡ ಅಲ್ಲ. ಗಾಜು ಏರಿಸಿಕೊಂಡು ಬಾಯಿಬಿಟ್ಟು ಅಪಸ್ವರದಲ್ಲಿ ಹಾಡುವ ಒಬ್ಬ ಹೆಂಗಸು. ಅಷ್ಟು ಸುಖ ನನಗೆ ಇನ್ನೆಲ್ಲೂ ಇರಲಿಲ್ಲ, ಸುಳ್ಳೇಕೆ ಹೇಳಲಿ.

ಆ ಕಾರು ಒಂದು ದಿನ ಪೆಟ್ರೋಲು ವಾಸನೆ ಹೊಡೆಯಲು ಶುರುಮಾಡಿತು. ಹೇಗೆಂದರೆ, ನಾನು ಕಾರಿಡಾರಿನಲ್ಲಿರುವಾಗಲೇ ಏಳನೇ ಕ್ಲಾಸಿನ ಮಕ್ಕಳು "ಮಿಸ್ ಬಂದ್ರು, ಬುಕ್ ತೆಗೀರೋ" ಎನ್ನುತ್ತಿದ್ದವು. ನನಗೆ ಪೆಟ್ರೋಲ್ ಮಿಸ್ ಎಂಬ ನಾಮಕರಣವೂ ಆಯಿತು. ಸೀರೆಯಲ್ಲಿ ವಾಸನೆ, ಜಡೆಯಲ್ಲಿ ವಾಸನೆ, ಮಧ್ಯಾಹ್ನದ ಚಿತ್ರಾನ್ನದಲ್ಲೂ ವಾಸನೆ. ಭಾನುವಾರ ರಾತ್ರಿ ಮಗಳನ್ನು ಹಿಂದೆ ಕೂರಿಸಿಕೊಂಡು ಹೊರಟರೆ ನಾಗರಭಾವಿ ಬರುವಷ್ಟರಲ್ಲಿ ಅವಳ ವಾಂತಿ.

ಬಾಪೂಜಿನಗರದ ಮೆಕ್ಯಾನಿಕ್ಕಿಗೆ ತೋರಿಸಿದೆವು. ಅವನು ಕಾರ್ಬ್ಯುರೇಟರ್ ಬಿಚ್ಚಿ ತೊಳೆದ. ಮುಂದಿನ ಸೋಮವಾರ ವಾಸನೆ ಹಾಜರ್. ಮತ್ತೆ ಹೋದೆವು, ಇಂಜಿನ್ನಿನ ಹತ್ತಿರದ ಪೈಪುಗಳನ್ನು ಬದಲಾಯಿಸಿದ. ಸೋಮವಾರ ವಾಸನೆ ಹಾಜರ್. ಆಮೇಲೆ ನಮ್ಮ ಬೀದಿ ತಿರುವಿನ ಗ್ಯಾರೇಜಿನವನು ಒಂದು ದಿನವೆಲ್ಲ ಕಾರನ್ನು ಮೇಲೆತ್ತಿ ಇಟ್ಟು ನೋಡಿ, "ಎಲ್ಲೂ ಲೀಕ್ ಇಲ್ಲ ಮೇಡಂ. ಹಳೇ ಗಾಡಿ ಅಂದ್ಮೇಲೆ ಸ್ವಲ್ಪ ವಾಸನೆ ಇರುತ್ತೆ. ಒಂದು ಪರ್ಫ್ಯೂಮ್ ಇಟ್ಬಿಡಿ" ಎಂದ. ಇಟ್ಟೆ. ಮಲ್ಲಿಗೆಯದು. ಮರುದಿನದಿಂದ ಮಲ್ಲಿಗೆ ಪೆಟ್ರೋಲು. ಮಗಳು ಮಾಮೂಲಿಗಿಂತ ಬೇಗ, ವಿಜಯನಗರದಲ್ಲೇ ವಾಂತಿ ಮಾಡಿದಳು.

ನಮ್ಮ ದುರದೃಷ್ಟಕ್ಕೆ ಅವ್ವಾರು ಆ ಮೂರು ತಿಂಗಳು ತಮ್ಮ ಮಗಳ ಬಾಣಂತನಕ್ಕೆಂದು ಊರಿಗೆ ಹೋಗಿದ್ದರು.

ಒಂದು ಮಂಗಳವಾರ ಬೆಳಗ್ಗೆ ನಮ್ಮನೆಯವರು ತಿಂಡಿ ತಿನ್ನುತ್ತಾ ಹೇಳಿದರು: "ನೋಡೇ, ಇನ್ನು ಆಗಲ್ಲ. ದಾರೀಲಿ ಬೆಂಕಿ ಹತ್ಕೊಂಡ್ರೆ ಏನ್ ಮಾಡ್ತೀಯ? ನಮ್ಮ ಫ್ಯಾಕ್ಟರೀಲಿ ಲಗ್ಗೆರೆಯವರೊಬ್ರು ಇದಾರೆ, ವಾಸನೆ ಇದೆ ಅಂತ ಹೇಳೇ ಮಾತಾಡಿದೀನಿ. ಭಾನುವಾರ ಹನ್ನೊಂದಕ್ಕೆ ಬಂದು ಗಾಡಿ ತಗೊಂಡು ಹೋಗ್ತಾರೆ." ಬೆಂಕಿ ಎಂದ ಮೇಲೆ ನಾನೇನು ಹೇಳಲಿ? ಅವರ ಮಾತು ಸರಿಯಾಗಿಯೇ ಇತ್ತು. ವಿಜ್ಞಾನ ಬೇರೆ ಪಾಠ ಮಾಡುವವಳು ನಾನು. ಇಡ್ಲಿ ನುಂಗಿ ಹೂಂ ಎಂದೆ. ಮದುವೆಯಾದಾಗಿನಿಂದ ಅಷ್ಟೇ, ಅವರು ಹೇಳುವುದು, ನಾನು ಹೂಂ ಎನ್ನುವುದು. ಕೆಟ್ಟವರಲ್ಲ ಅವರು. ನನಗೆ ಇಲ್ಲ ಎನ್ನಲು ಬರುತ್ತಿರಲಿಲ್ಲ, ಅಷ್ಟೇ. ಸಂಜೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ. ಮತ್ತೆ ಆ ಎರಡು ಬಸ್ಸು.

ಆಗ ಗೇಟಿನಲ್ಲಿ ಆಟೋ ನಿಂತಿತು. ಅವ್ವಾರು! ಟ್ರಂಕು, ಎರಡು ಚೀಲ, ರೊಟ್ಟಿಯ ಬುತ್ತಿ. ಇಳಿದವರು ಗೇಟಿನ ಹತ್ತಿರ ಬಂದು ನಿಂತೇಬಿಟ್ಟರು. ಸೆರಗು ಕಿವಿಯ ಹಿಂದೆ ಹೋಯಿತು. "ಯಾರದರ ಸ್ಟವ್ ಚೆಲ್ಲೇತೇನ?" ಎಂದವರು ನನ್ನ ಮುಖ ನೋಡಿ ಟ್ರಂಕು ಅಲ್ಲೇ ಬಿಟ್ಟು ಬಂದರು. "ಯಾಕ ತಂಗಿ, ಮಾರಿ ಸಣ್ಣ ಮಾಡ್ಕೊಂಡಿ?" ಎಲ್ಲಾ ಹೇಳಿದೆ.

ಅವ್ವಾರು ಪಕ್ಕದಲ್ಲಿ ಕೂತು ಡಾಕ್ಟರರ ಹಾಗೆ ವಿಚಾರಣೆ ಶುರು ಮಾಡಿದರು. "ಯಾವತ್ತು ಹೆಚ್ಚು ಬರತೈತಿ?"

"ಸೋಮವಾರ, ಮಂಗಳವಾರ."

"ಬ್ಯಾಸ್ತವಾರ?"

"ಅಷ್ಟಿರಲ್ಲ. ಶನಿವಾರ ಇರೋದೇ ಇಲ್ಲ."

"ಎಣ್ಣಿ ಯಾವಾಗ ತುಂಬಸ್ತೀರಿ?"

"ಭಾನುವಾರ ಸಾಯಂಕಾಲ. ಒಂದ್ಸಲ ಫುಲ್ ಮಾಡಿಸಿದ್ರೆ ವಾರ ಪೂರ್ತಿ ಬರುತ್ತೆ."

"ಮತ್ತ ರಿಪೇರಿಯವರ ಕಡೆ ಯಾವತ್ತು ಕೊಟ್ಟಿದ್ರಿ?"

"ಶನಿವಾರ." ನಮ್ಮನೆಯವರ ನಿಯಮ ಅದು. ಗ್ಯಾರೇಜಿಗೆ ಗಾಡಿ ಬಿಡುವಾಗ ಟ್ಯಾಂಕಿನಲ್ಲಿ ಪೆಟ್ರೋಲು ಇರಬಾರದು, ಇದ್ದರೆ ಪೈಪು ಹಾಕಿ ಹೀರಿಬಿಡುತ್ತಾರೆ. ನಮ್ಮ ಕಡೆ ಎಲ್ಲ ಗಂಡಸರೂ ಇದನ್ನು ವೇದವಾಕ್ಯದ ಹಾಗೆ ಪಾಲಿಸುತ್ತಾರೆ. ಇವರಂತೂ ಮುಳ್ಳು ಕೆಂಪು ಗೆರೆ ಮುಟ್ಟುವವರೆಗೂ ಬೀದಿ ಬೀದಿ ಸುತ್ತಿಸಿ, ಆಮೇಲೆ ಗ್ಯಾರೇಜಿಗೆ ಬಿಡುತ್ತಿದ್ದರು.

ಇದನ್ನು ಹೇಳಿದ್ದೇ ತಡ, ಅವ್ವಾರು ನನ್ನನ್ನೇ ನೋಡಿದರು. ಅವರ ಹೊಟ್ಟೆ ಮೊದಲು ಕುಲುಕಿತು, ಆಮೇಲೆ ಭುಜ, ಆಮೇಲೆ ಇಡೀ ಅವ್ವಾರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಸೆರಗಿನಿಂದ ಒರೆಸಿಕೊಂಡು ಅಂದರು: "ಹಲ್ಲು ನೋವಂತ ಡಾಕ್ಟರ್ ಕಡೆ ಹೋಗೂದು, ಹಲ್ಲಿನ ಸೆಟ್ಟು ಮನ್ಯಾಗ ಬಿಚ್ಚಿಟ್ಟು ಹೋಗೂದು! ಎಣ್ಣೀನ ಇಲ್ಲಂದ ಮ್ಯಾಲ ಅವರಾರ ಎಲ್ಲಿ ಸೋರೂದು ನೋಡ್ತಾರ? ಟಾಕಿ ತುಂಬಿದಾಗಷ್ಟ ವಾಸನಿ ಬರತೈತಿ ಅಂದ್ರ ತೂತು ಮ್ಯಾಲಿನ ಕಡೆ ಐತಿ, ತಂಗಿ. ಕೊಡಪಾನಕ್ಕ ಕಂಠದಾಗ ಸೀಳಿದ್ರ ಅರ್ಧಾ ನೀರಿಗೆ ಸೋರತೈತೇನ?"

ನಾನು ತಲೆಯ ಮೇಲೆ ಕೈಹೊತ್ತು ಕೂತೆ. ದ್ರವ, ಆವಿ, ಒತ್ತಡ ಎಂದು ಬೋರ್ಡಿನ ತುಂಬ ಬರೆಯುವವಳು ನಾನು! ಮೂರು ತಿಂಗಳು ಮಲ್ಲಿಗೆ ನೇತುಹಾಕಿಕೊಂಡು ಓಡಾಡಿದ್ದೆ.

ಶನಿವಾರ ಸಂಜೆ ಬಂಕಿಗೆ ಹೋಗಿ "ಫುಲ್ ಮಾಡಿ" ಎಂದೆ. ಮನೆಗೆ ಬಂದಾಗ ಮುಳ್ಳು ನೋಡಿ ನಮ್ಮನೆಯವರಿಗೆ ಎದೆ ಒಡೆದಂತಾಯಿತು. "ನಾಳೆ ಮಾರೋ ಗಾಡಿಗೆ ಯಾರಾದ್ರೂ ಫುಲ್ ಟ್ಯಾಂಕ್ ಹಾಕಿಸ್ತಾರೇನೇ? ತಲೆ ಕೆಟ್ಟಿದ್ಯಾ?" ಕೆಳಗಿನಿಂದ ಅವ್ವಾರ ದನಿ ಬಂತು: "ನಾ ಹೇಳೀನ್ರಿ ಸಾಹೇಬ್ರ." ಇವರು ಉಸಿರು ಬಿಗಿಹಿಡಿದು ಒಳಗೆ ಹೋದರು.

ಭಾನುವಾರ ಎಂಟು ಗಂಟೆಗೆ ಅವ್ವಾರು ಸ್ನಾನ ಮಾಡಿ, ಹಣೆಗೆ ಮೂರು ಬೆರಳು ವಿಭೂತಿ ಎಳೆದು, ಹೊರಗೆ ಬಂದರು. ಲಿಂಗಪೂಜೆ ಆಗದೆ ನೀರನ್ನೂ ಮುಟ್ಟದವರು. "ಪೂಜೆ ಮುಗಿಸ್ಕೊಂಡು, ತಿಂಡಿ ತಿಂದು ಬನ್ನಿ ಅವ್ವಾರೇ" ಎಂದೆ. "ಉಂಡ ಮೂಗು ನಿದ್ದಿ ಮಾಡತೈತಿ. ಹಸದ ಮೂಗು ಸುಳ್ಳು ಹೇಳಂಗಿಲ್ಲ. ಮೊದಲ ಇದು, ಆಮ್ಯಾಲ ಪೂಜಿ" ಎಂದರು.

ಹೊಂಗೆಮರದ ಕೆಳಗೆ ಕಾರು ನಿಂತಿತ್ತು. ಅವ್ವಾರು ಬಾನೆಟ್ ತೆಗೆಸಿದರು. ಎರಡು ಗಿಡ್ಡ, ಒಂದು ಉದ್ದ. "ಇಲ್ಲಿಲ್ಲ." ಮುಂದಿನ ಬಾಗಿಲು. "ಇಲ್ಲಿಲ್ಲ." ಹಿಂದಿನ ಸೀಟಿಗೆ ತಲೆ ಹಾಕಿದರು, ಎಡಗಣ್ಣು ಮುಚ್ಚಿತು. "ಹಾಂ!" ಡಿಕ್ಕಿ ತೆಗೆಸಿದರು. "ಹಾಂ, ಹಾಂ!" ಅಷ್ಟರಲ್ಲಿ ಬೀದಿಯೆಲ್ಲ ಸೇರಿತ್ತು. ರಾಯರು ಪೇಪರ್ ಹಿಡಿದೇ ಬಂದಿದ್ದರು. "ಯಾರೂ ಕಡ್ಡಿ ಗೀರಬ್ಯಾಡ್ರಿ ಮತ್ತ" ಎಂದು ಅವ್ವಾರು ಎಲ್ಲರಿಗೂ ಹೇಳಿ, ನಮ್ಮನೆಯವರನ್ನು ಮಾತ್ರ ನೋಡಿದರು. ಇವರು ಜೇಬು ಮುಟ್ಟಿಕೊಂಡು, ಆಕಾಶ ನೋಡಿದರು.

ಆಮೇಲೆ ಅವ್ವಾರು ಒಳಗೆ ಹೋಗಿ ತಂದದ್ದನ್ನು ನೋಡಿ ಎಲ್ಲರೂ ಬೆಪ್ಪಾದೆವು. ಒಂದು ವಿಭೂತಿ ಗಟ್ಟಿ, ಲಟ್ಟಣಿಗೆ, ತೆಳು ಬಟ್ಟೆ. ತಟ್ಟೆಯಲ್ಲಿ ವಿಭೂತಿಯನ್ನು ನುಣ್ಣಗೆ ಪುಡಿ ಮಾಡಿ, ಬಟ್ಟೆಯಲ್ಲಿ ಗಂಟು ಕಟ್ಟಿದರು. "ಕಾರಿಗೂ ದೀಕ್ಷೆ ಕೊಡ್ತೀರಾ ಅವ್ವಾರೇ?" ಎಂದು ರಾಯರು ಕೇಳಿದರು. "ಬೂದಿಗಿಂತ ಒಣಾ ವಸ್ತು ಮತ್ತೇನೈತ್ರಿ? ಒಂದು ಹನಿ ಬಿದ್ರೂ ಹೇಳತೈತಿ. ಊರಾಗ ನಮ್ಮಪ್ಪ ಎಣ್ಣಿ ಡಬ್ಬಿ ತೂತು ಹಿಂಗ ಹುಡುಕತಿದ್ದ" ಎಂದರು. ಗೋಣಿತಟ್ಟು ಹಾಸಿ, ಸೀರೆಯನ್ನು ಕಾಲಿಗೆ ಬಿಗಿದು, ಅರವತ್ತು ದಾಟಿದ ಆ ಹೆಂಗಸು ಕಾರಿನ ಹಿಂಭಾಗದ ಕೆಳಗೆ ತೂರಿಕೊಂಡರು. ಎರಡು ಕಾಲು ಮಾತ್ರ ಹೊರಗೆ. ಒಳಗಿನಿಂದ ಪಟ್ ಪಟ್ ಎಂದು ವಿಭೂತಿ ಗಂಟು ಬಡಿಯುವ ಸದ್ದು, ನಡುವೆ "ಶಿವಾ ಶಿವಾ", ನಡುವೆ ಒಂದು ಸೀನು. ಒಂದೊಂದು ಸೀನಿಗೂ ಕಾಲುಗಳು ಎಗರುತ್ತಿದ್ದವು. ಬೀದಿಯ ಮಕ್ಕಳು ಬಿದ್ದು ಬಿದ್ದು ನಕ್ಕವು. ನಾನೂ ನಗುತ್ತಲೇ ಗಡಿಯಾರ ನೋಡಿಕೊಂಡೆ. ಗಂಟೆ ಒಂಬತ್ತಾಗಿತ್ತು, ಲಗ್ಗೆರೆಯವರು ಹನ್ನೊಂದಕ್ಕೆ ಬರುವವರಿದ್ದರು.

ಹೊರಗೆ ಬಂದ ಅವ್ವಾರ ಮುಖ, ಕೂದಲು, ಹುಬ್ಬು ಎಲ್ಲ ಬೆಳ್ಳಗೆ. "ಹೋಗು ತಂಗಿ, ಎಡಕ್ಕ ಬಲಕ್ಕ ಹೊಳ್ಳಿಸಿ ಒಂದು ಸುತ್ತು ಹೊಡಕೊಂಡು ಬಾ. ಗುಂಡಿ ಬಿಡಬ್ಯಾಡ." ನಮ್ಮ ಬಡಾವಣೆಯಲ್ಲಿ ಗುಂಡಿಗೆ ಬರವೇ? ಒಂದನ್ನೂ ಬಿಡದೆ ಕುಕ್ಕಿಸಿಕೊಂಡು ಬಂದೆ. ಅವ್ವಾರು ಮತ್ತೆ ತೂರಿದರು. ರಾಯರು ಪೇಪರ್ ಮಡಿಚಿದರು. ಕೆಳಗಿನಿಂದ ದನಿ ಬಂತು: "ಸಿಕ್ಕಿ ಮಗನ!"

ನಾನೂ ಮೊಣಕಾಲೂರಿ ಬಗ್ಗಿ ನೋಡಿದೆ. ಪೆಟ್ರೋಲು ಹಾಕುವ ಬಾಯಿಯಿಂದ ಟ್ಯಾಂಕಿಗೆ ಇಳಿಯುವ ದಪ್ಪ ರಬ್ಬರ್ ಪೈಪು. ಅದರ ಮೇಲೆಲ್ಲ ಬಿಳಿ ವಿಭೂತಿ, ನಡುವೆ ಒಂದು ಒದ್ದೆ ಗೆರೆ, ಪೌಡರ್ ಹಚ್ಚಿದ ಮಗುವಿನ ಕೆನ್ನೆಯ ಮೇಲೆ ಕಣ್ಣೀರು ಇಳಿದ ಹಾಗೆ. ಗೆರೆಯ ಮೇಲ್ತುದಿಯಲ್ಲಿ ಉಗುರಿನಷ್ಟುದ್ದದ ಸೀಳು. ಟ್ಯಾಂಕು ತುಂಬಿದಾಗ ಮಾತ್ರ ಪೆಟ್ರೋಲು ಅಲ್ಲಿಯವರೆಗೆ ಏರುತ್ತಿತ್ತು, ತಿರುವಿನಲ್ಲಿ ತುಳುಕುತ್ತಿತ್ತು. ನಾನು ಅಲ್ಲೇ ಮಣ್ಣಿನಲ್ಲಿ ಕೂತು ಅವ್ವಾರ ಕಾಲನ್ನು ಹಿಡಿದುಕೊಂಡು ಅತ್ತೆನೋ ನಕ್ಕೆನೋ ನನಗೇ ಗೊತ್ತಿಲ್ಲ. "ಏ ಬಿಡs, ಕಚಗುಳಿ ಆಗತೈತಿ!" ಎಂದು ಅವರು ಒಳಗಿನಿಂದಲೇ ಒದ್ದರು.

ತಿರುವಿನ ಗ್ಯಾರೇಜಿನವನನ್ನು ಕರೆದುಕೊಂಡು ಬಂದೆವು. ಭಾನುವಾರವೂ ಅಂಗಡಿ ತೆರೆಯುವವನು ಅವನೊಬ್ಬನೇ. ಬಗ್ಗಿ ನೋಡಿ ತಲೆ ಕೆರೆದುಕೊಂಡು ನಮ್ಮನೆಯವರ ಕಡೆ ತಿರುಗಿದ. "ಸಾರ್, ಅವತ್ತು ಗಾಡೀಲಿ ಪೆಟ್ರೋಲ್ ಇಟ್ಟು ತಂದಿದ್ರೆ ಅವತ್ತೇ ಸಿಕ್ಕಿರೋದಲ್ಲ ಸಾರ್! ಇಟ್ಟಿರ್ಲಿಲ್ಲ ಯಾಕೆ?" ಬೀದಿಯೆಲ್ಲ ಉತ್ತರಕ್ಕೆ ಕಾಯಿತು. ನಮ್ಮನೆಯವರು "ಹಾಗೇ... ಮರೆತೋಯ್ತು" ಎಂದರು. ಮಜಾ ಏನೆಂದರೆ, ಹೊಸ ಪೈಪು ಹಾಕಬೇಕಾದರೆ ಟ್ಯಾಂಕು ಸ್ವಲ್ಪ ಖಾಲಿ ಮಾಡಬೇಕು. ಅವನು ಪೈಪು ಇಳಿಬಿಟ್ಟು ಎಲ್ಲರೆದುರಿಗೆ ಬಾಯಲ್ಲಿ ಹೀರಿ, ಕ್ಯಾನಿಗೆ ಬಿಟ್ಟ. ಯಾವುದಕ್ಕೆ ಹೆದರಿ ಮೂರು ತಿಂಗಳು ವಾಸನೆ ಕುಡಿದಿದ್ದೆವೋ ಅದೇ ನಮ್ಮನೆ ಬಾಗಿಲಲ್ಲಿ ನಡೆಯುತ್ತಿತ್ತು. ನಮ್ಮನೆಯವರು ಕ್ಯಾನಿನ ಪಕ್ಕ ಸ್ಟೂಲು ಹಾಕಿಕೊಂಡು ಕಾವಲು ಕೂತರು.

ಹೊಸ ಪೈಪು ಕೂತು, ಪೆಟ್ರೋಲು ವಾಪಸು ತುಂಬಿ, ಇನ್ನೊಂದು ಸುತ್ತು ಹೋಗಿ ಬಂದದ್ದಾಯಿತು. ಅವ್ವಾರು ಡಿಕ್ಕಿಗೆ ತಲೆ ಹಾಕಿದರು. ಎರಡು ಗಿಡ್ಡ, ಒಂದು ಉದ್ದ. "ಏನಿಲ್ಲ. ಬರೇ ಮಲ್ಲಿಗಿ. ಅದನ್ನ ಮೊದಲ ಕಿತ್ತು ಒಗಿ." ಜನ ಚಪ್ಪಾಳೆ ತಟ್ಟಿದರು. ಮಗಳು ಹಿಂದಿನ ಸೀಟಿನಲ್ಲಿ ಕೂತು ಕುಣಿದಳು.

ಸರಿಯಾಗಿ ಆಗ ಲಗ್ಗೆರೆಯವರು ಸ್ಕೂಟರಿನಲ್ಲಿ ಬಂದಿಳಿದರು. ಸಾಧು ಮನುಷ್ಯ, ಇಸ್ತ್ರಿ ಶರಟು ಹಾಕಿ, ಕಾರಿಗೆಂದು ಹೂವಿನ ಹಾರ ಬೇರೆ ತಂದಿದ್ದರು. ಒಳಗೆ ಕೂತು ಮೂಸಿದರು, ಮತ್ತೆ ಮೂಸಿದರು. ಮುಖ ಅರಳಿತು. "ಏನ್ ಸಾರ್, ವಾಸನೆ ಇದೆ ಅಂದಿದ್ರಿ? ಗಾಡಿ ಬಂಗಾರ ಇದ್ದಂಗಿದೆ! ಬೇಗ ಮುಗಿಸಿಬಿಡೋಣ ಸಾರ್, ಮನೇಲಿ ಕಾಯ್ತಾ ಇದಾರೆ." ಬೀದಿಯಲ್ಲಿ ನಗು ನಿಂತುಹೋಯಿತು. ವಾಸನೆ ಹೋದರೆ ಕಾರು ಉಳಿಯುತ್ತದೆ ಎಂದುಕೊಂಡಿದ್ದೆವೇ ಹೊರತು, ವಾಸನೆ ಹೋದ ಕಾರು ಕೊಳ್ಳುವವರಿಗೂ ಇಷ್ಟವಾಗುತ್ತದೆ ಎಂದು ಒಬ್ಬರಿಗೂ ಹೊಳೆದಿರಲಿಲ್ಲ. ನಮ್ಮನೆಯವರು ನನ್ನ ಮುಖ ನೋಡಿದರು, ಅವರ ಮುಖ ನೋಡಿದರು, ಕೈಯಲ್ಲಿದ್ದ ಕೀ ನೋಡಿದರು. "ಮಾತು ಕೊಟ್ಬಿಟ್ಟಿದೀನಲ್ಲ ಕಣೇ..." ಎಂದು ಗೊಣಗಿದರು.

ನಾನು ಅವ್ವಾರ ಹತ್ತಿರ ಓಡಿದೆ. ಅವರು ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದರು. "ಅವ್ವಾರೇ, ನೀವೊಂದು ಮಾತು ಹೇಳಿ. ನಿಮ್ಮ ಮಾತು ಅವರು ಕೇಳ್ತಾರೆ."

ಕೈ ತೊಳೆಯುವುದನ್ನು ನಿಲ್ಲಿಸಲಿಲ್ಲ. "ಮೂಗಿನ ಕೆಲಸ ಇತ್ತು, ನಾ ಮಾಡಿದೆ. ಇನ್ನ ಉಳದದ್ದು ಬಾಯಿ ಕೆಲಸ. ಅದು ನಿಂದು."

ಕೋಪ ಬಂತು ನನಗೆ. ನಿಜವಾಗಿ ಬಂತು. ಕಾರಿನ ಕೆಳಗೆ ತೂರುವವರಿಗೆ ಒಂದು ಮಾತು ಭಾರವಾಯಿತೇ? ಆ ಕೋಪದಲ್ಲೇ ತಿರುಗಿದೆ. ಗೇಟಿನವರೆಗೆ ಬಂದೆ. "ಕಾರು ಮಾರಲ್ಲ" ಎಂದೆ. ಯಾರಿಗೂ ಕೇಳಿಸಲಿಲ್ಲ. ಕೇಳಿಸಲಿಲ್ಲವಲ್ಲ ಎಂದು ಇನ್ನೂ ಸಿಟ್ಟು ಬಂದು, ಏಳನೇ ಕ್ಲಾಸಿನ ಕೊನೇ ಬೆಂಚಿಗೆ ಕೇಳಿಸುವ ದನಿಯಲ್ಲಿ ಕೂಗಿದೆ: "ಕಾರು ನಂದು. ನಾನು ಮಾರಲ್ಲ!"

ಹೊಂಗೆಮರದ ಕಾಗೆ ಹಾರಿತು. ಲಗ್ಗೆರೆಯವರು ತಟ್ಟನೆ ಕಾರಿನಿಂದ ಇಳಿದರು. ನಮ್ಮನೆಯವರು ನನ್ನನ್ನೇ ನೋಡುತ್ತ ನಿಂತರು, ಇವಳು ಯಾರು ಎಂಬಂತೆ. ಆಮೇಲೆ ನಿಧಾನವಾಗಿ ಲಗ್ಗೆರೆಯವರ ಕಡೆ ತಿರುಗಿ ಕೈ ಮುಗಿದರು. "ತಪ್ಪಾಯ್ತು ಸಾರ್. ಅವಳ ಗಾಡಿ. ಅವಳನ್ನ ಕೇಳದೆ ನಾನು ಮಾತು ಕೊಟ್ಟೆ." ಆ ಸಾಧು ಮನುಷ್ಯ ಕೈಯಲ್ಲಿದ್ದ ಹಾರವನ್ನು ನನ್ನ ಕೈಗೆ ಕೊಟ್ಟು, "ನೀವೇ ಹಾಕಿ ಮೇಡಂ, ಗಾಡಿಗೆ ಅಂತ ತಂದಿದ್ದು" ಎಂದರು. ನಮ್ಮನೆಯವರು ಕೀಯನ್ನು ಹಾರದ ಮೇಲೆ ಇಟ್ಟರು.

ಹಾರ ಹಾಕಿ ಸ್ಟಿಯರಿಂಗಿನ ಮುಂದೆ ಕೂತೆ. ಪಕ್ಕದ ಬಾಗಿಲು ತೆರೆಯಿತು. ಅವ್ವಾರು, ತಲೆಯಿಂದ ಕಾಲವರೆಗೆ ಬೂದಿ, ಸೆರಗು ಕೊಡವಿ ಮುಂದಿನ ಸೀಟಿನಲ್ಲಿ ಕೂತು ಗಾಜು ಏರಿಸತೊಡಗಿದರು.

"ಪೂಜೆ ಆಗಿಲ್ಲವಲ್ಲ ಅವ್ವಾರೇ? ನೀರು ಕೂಡ ಕುಡಿದಿಲ್ಲ ನೀವು."

ಅವ್ವಾರು ಎದೆಯ ಮೇಲಿದ್ದ ಲಿಂಗದ ಗಂಟನ್ನು ಅಂಗೈಯಿಂದ ಮೆಲ್ಲಗೆ ತಟ್ಟಿದರು.

"ದೇವರೇನು ಮನ್ಯಾಗ ಕುಂತಾನೇನ? ಕೊಳ್ಳಾಗ ಅದಾನ. ಅವನೂ ಒಂದು ಸುತ್ತು ಬರ್ಲಿ. ಹೊಡಿ ನೀ."